ಇಲ್ಲದ ಮನೆಗೆ ಕಂತು

2023ರ ಏಪ್ರಿಲ್ 5ನೇ ತಾರೀಕು ನಾವು ಗೃಹಸಾಲದ ಮೊದಲ ಕಂತು ಕಟ್ಟಿದೆವು. ಆಗ ನಮಗೆ ಮನೆಯೂ ಇರಲಿಲ್ಲ, ಸಾಲವೂ ಇರಲಿಲ್ಲ.

ಇದ್ದದ್ದು ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆ, ಎರಡನೇ ಮಹಡಿ. ತಿಂಗಳಿಗೆ 17 ಸಾವಿರ ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್. ಓನರ್ ಕೆಳಗಡೆಯೇ ಇದ್ದರು. ಒಳ್ಳೆಯವರೇ. ಆದರೆ ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದರೆ ಸಾಕು, ಮಾರನೇ ದಿನ ಮೆಟ್ಟಿಲ ಹತ್ತಿರ ಸಿಕ್ಕಿ "ನೆನ್ನೆ ಚಟ್ನಿ ಜೋರಾ?" ಅಂತ ಕೇಳುತ್ತಿದ್ದರು. ನಾನು ಆಫೀಸಿನಿಂದ ಬರುವುದೇ ಎಂಟಕ್ಕೆ. ಮಾರನೇ ದಿನದ ದೋಸೆ ಹಿಟ್ಟು ರುಬ್ಬುವುದು ಇನ್ಯಾವಾಗ?

ಮನೆ ಕೊಳ್ಳೋಣ ಅನ್ನುವ ಮಾತು ನಮ್ಮಲ್ಲಿ ಮೂರು ವರ್ಷದಿಂದ ಇತ್ತು. ಭಾನುವಾರ ಸಂಜೆ ಮೊಬೈಲಿನಲ್ಲಿ ಫ್ಲ್ಯಾಟುಗಳ ಫೋಟೋ ನೋಡುವುದು, ಸೋಮವಾರ ಮರೆಯುವುದು. ಒಂದು ದಿನ ಊಟದ ಹೊತ್ತಲ್ಲಿ ನಮ್ಮ ಆಫೀಸಿನ ಅಕೌಂಟ್ಸ್ ಮೇಡಂ ಹತ್ತಿರ ಈ ಮಾತೆತ್ತಿದೆ. ಅವರು ಡಬ್ಬಿ ಮುಚ್ಚುತ್ತಾ ಹೇಳಿದರು: "ಮನೆ ಆಮೇಲೆ ಹುಡುಕಿ. ಮೊದಲು ಒಂದು ವರ್ಷ ಕಂತು ಕಟ್ಟಿ ನೋಡಿ. ಬ್ಯಾಂಕಿಗೆ ಬೇಡ, ನಿಮಗೇ ಕಟ್ಟಿಕೊಳ್ಳಿ. ತಡ್ಕೊಳ್ತೀರಾ ಇಲ್ವಾ ಗೊತ್ತಾಗುತ್ತೆ."

ಲೆಕ್ಕ ಹಾಕಿದೆವು. ನಾವು ನೋಡುತ್ತಿದ್ದದ್ದು ಕೆಂಗೇರಿ ಕಡೆಯ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟುಗಳು. 2021ರಲ್ಲಿ ಮೆಟ್ರೋ ಕೆಂಗೇರಿವರೆಗೂ ಬಂದಿದ್ದರಿಂದ ಇಬ್ಬರಿಗೂ ಓಡಾಟ ಸುಲಭ. ಬೆಲೆ ಅರವತ್ತು ಲಕ್ಷದ ಆಸುಪಾಸು. 45 ಲಕ್ಷ ಸಾಲ, 20 ವರ್ಷ, ಶೇ. 8.5 ಬಡ್ಡಿ ಅಂದರೆ ತಿಂಗಳ ಕಂತು 39,052 ರೂಪಾಯಿ. ಮೇಂಟೆನೆನ್ಸ್ ಮೂರು ಸಾವಿರ ಹಿಡಿದರೆ 42 ಸಾವಿರ. ಈಗಿನ ಬಾಡಿಗೆ 17 ಕಳೆದರೆ 25 ಸಾವಿರ. ಪ್ರತಿ ತಿಂಗಳು 5ನೇ ತಾರೀಕು ಆ 25 ಸಾವಿರವನ್ನು ಎಟಿಎಂ ಕಾರ್ಡಿಲ್ಲದ ಬೇರೊಂದು ಖಾತೆಗೆ ಹಾಕಬೇಕು. ಮುಟ್ಟಬಾರದು. ಇದೇ ಆಟ.

ಇಲ್ಲೊಂದು ಮಾತು. ಆ 39,052ರಲ್ಲಿ ಮೊದಲ ತಿಂಗಳು ಬಡ್ಡಿಗೆ ಹೋಗುವುದು 31,875. ಅಸಲಿಗೆ ಸೇರುವುದು ಬರೀ 7,177. ಇಪ್ಪತ್ತು ವರ್ಷಕ್ಕೆ ಒಟ್ಟು ಕಟ್ಟುವುದು ಹತ್ತಿರ ಹತ್ತಿರ 94 ಲಕ್ಷ. ನಮ್ಮ ಬಾಡಿಗೆ 17 ಸಾವಿರ, ಬ್ಯಾಂಕಿನ ಬಡ್ಡಿಯೇ 32 ಸಾವಿರ. ಸುಮ್ನೆ ಲೆಕ್ಕವೇ ನೋಡುವುದಾದರೆ ಬಾಡಿಗೆ ಮನೆಯಲ್ಲಿದ್ದು ಉಳಿದದ್ದನ್ನು ಎಲ್ಲಾದರೂ ಹಾಕಿಕೊಳ್ಳುವುದೇ ಲಾಭ. ಹಾಗಂತ ಹೇಳುವವರ ಜೊತೆ ನಾನು ಜಗಳ ಆಡುವುದಿಲ್ಲ. ನನಗೆ ಹತ್ತರ ಮೇಲೆ ಮಿಕ್ಸಿ ಹಾಕಬೇಕಿತ್ತು. ಅತ್ತೆಗೆ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಗಿತ್ತು, ಲಿಫ್ಟ್ ಇರುವ ಕಡೆ ಹೋಗಬೇಕಿತ್ತು. ಅಷ್ಟೇ ಕಾರಣ.

ಏಪ್ರಿಲ್, ಮೇ ಚೆನ್ನಾಗಿ ನಡೆಯಿತು. ಇಷ್ಟು ಸುಲಭವಾ ಅನಿಸಿತು. ಜೂನ್ ಬಂತು. ಮಗಳ ಸ್ಕೂಲಿನ ಮೊದಲ ಕಂತಿನ ಫೀಸು, ಪುಸ್ತಕ, ಯೂನಿಫಾರಂ, ಶೂ. ಮೂರನೇ ತಿಂಗಳಿಗೇ ನಮ್ಮ ಮನೆಸಾಲ ಸುಸ್ತಿ ಬಿತ್ತು.

ನವೆಂಬರಿನಲ್ಲಿ ಮತ್ತೆ ತಪ್ಪಿತು. ದೀಪಾವಳಿ, ಎಲ್‌ಐಸಿ ಪ್ರೀಮಿಯಂ, ಕಾರಿನ ಇನ್ಶೂರೆನ್ಸ್ ಮೂರೂ ಒಟ್ಟಿಗೆ ಬಂದವು. ಜನವರಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್. ಮರುವರ್ಷ ಮೇ ತಿಂಗಳಲ್ಲಿ ನಾದಿನಿ ಮನೆ ಕಡೆಯ ಮದುವೆ. ಅವರು ನಮ್ಮ ಮದುವೆಗೆ ಹಾಕಿದ ಮುಯ್ಯಿ ಅತ್ತೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಅದಕ್ಕಿಂತ ಕಡಿಮೆ ಹಾಕುವ ಹಾಗಿಲ್ಲ, ಸಮ ಹಾಕಿದರೂ ಚೆನ್ನಾಗಿರಲ್ಲ. ಹದಿನೆಂಟು ತಿಂಗಳಲ್ಲಿ ನಾಲ್ಕು ಕಂತು ತಪ್ಪಿದವು. ನಿಜವಾದ ಬ್ಯಾಂಕಾಗಿದ್ದರೆ ಫೋನು ಬಂದಿರುತ್ತಿತ್ತು.

ಎರಡನೇ ಸಲ ತಪ್ಪಿದಾಗ ನಾನು ಕೂತು ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಸ್ಕೂಲು 76 ಸಾವಿರ. ಎಲ್‌ಐಸಿ 24. ಗಾಡಿಗಳ ಇನ್ಶೂರೆನ್ಸ್ 14. ಹಬ್ಬ, ಊರಿನ ಜಾತ್ರೆ 30. ಮುಯ್ಯಿ, ಬಾಗಿನ, ಬಟ್ಟೆ 20. ಕೂಡಿದರೆ 1 ಲಕ್ಷ 64 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 13 ಸಾವಿರದ ಚಿಲ್ಲರೆ. ನಮ್ಮ ಯಾವ ತಿಂಗಳ ಬಜೆಟ್ಟಿನಲ್ಲೂ ಇಲ್ಲದ 13 ಸಾವಿರ! ಇಬ್ಬರದೂ ಸೇರಿ ಕೈಗೆ ಬರುತ್ತಿದ್ದ ಸಂಬಳ 96 ಸಾವಿರ. ಅದರಲ್ಲಿ 42 ಮನೆಗೆ, ಈ 13 ಬದಿಗೆ ಅಂದರೆ ಉಳಿಯುವುದು 40. ಅದರಲ್ಲೇ ಹಾಲು, ತರಕಾರಿ, ಪೆಟ್ರೋಲು, ಮಾತ್ರೆ, ಕರೆಂಟು, ಊರಿಗೆ ಹೋಗಿಬರುವುದು ಎಲ್ಲ.

ಆಮೇಲೆ ಬ್ಯಾಂಕಿನವರು "ನಿಮಗೆ 49 ಲಕ್ಷ 60 ಸಾವಿರದವರೆಗೂ ಕೊಡ್ತೀವಿ ಮೇಡಂ" ಅಂದಾಗ ನಾನು ಬೇಡ ಅಂದದ್ದು ಈ ಹಾಳೆಯ ಧೈರ್ಯದಿಂದ. ಆ ನಾಲ್ಕೂವರೆ ಲಕ್ಷ ಜಾಸ್ತಿ ತೆಗೆದುಕೊಂಡಿದ್ದರೆ ಕಂತು ಇನ್ನೂ ನಾಲ್ಕು ಸಾವಿರ ಏರುತ್ತಿತ್ತು. ಬ್ಯಾಂಕು ನೋಡುವುದು ಸಂಬಳದ ಚೀಟಿ. ಅತ್ತೆಯ ಮುಯ್ಯಿ ಪುಸ್ತಕವನ್ನು ಬ್ಯಾಂಕು ನೋಡುವುದಿಲ್ಲ.

ಆದರೆ ಈ ಕಂತಿನ ಆಟಕ್ಕಿಂತ ದೊಡ್ಡ ಪರೀಕ್ಷೆ ನಡುವೆ ಬಂತು. ಅದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚನೆ ಮಾಡಿದೆ. ಇವರನ್ನು ಕೇಳಿದೆ. "ಬರಿ, ಆದ್ರೆ ನಿಂದೂ ಬರಿ" ಅಂದರು.

ಆಗಸ್ಟಿನಲ್ಲಿ, ಅಂದರೆ ಆಟ ಶುರುವಾಗಿ ಐದನೇ ತಿಂಗಳಿಗೆ, ಮೇಡಂ ಸಿಬಿಲ್ ವರದಿ, ಅಂದರೆ ನಮ್ಮ ಹೆಸರಿನ ಸಾಲಗಳ ಜಾತಕ, ತೆಗೆದು ನೋಡಿ ಅಂದರು. ವರ್ಷಕ್ಕೊಂದು ಸಲ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಅಂಕ 300ರಿಂದ 900ರವರೆಗೆ. 750 ದಾಟಿದ್ದರೆ ಬ್ಯಾಂಕಿನವರು ಚೆನ್ನಾಗಿ ಮಾತಾಡಿಸುತ್ತಾರೆ. ನನ್ನದು 781 ಬಂತು. ಶಾಲೆಯಲ್ಲಿ ಗಣಿತಕ್ಕೂ ನನಗೆ ಅಷ್ಟು ಖುಷಿ ಆಗಿರಲಿಲ್ಲ. ಇವರದು 694.

ಯಾಕಿರಬಹುದು ಅಂತ ಕೆಳಗೆ ಓದುತ್ತಾ ಹೋದೆ. ಒಂದು ಹಳೇ ಕ್ರೆಡಿಟ್ ಕಾರ್ಡು, ವರ್ಷದ ಶುಲ್ಕ ಕಟ್ಟದೇ ಬಿಟ್ಟದ್ದು, ಬಡ್ಡಿ ಮೇಲೆ ಬಡ್ಡಿ ಬೆಳೆದಿತ್ತು. ಅದು ಬಿಡಿ, ಎಷ್ಟೋ ಜನರಿಗೆ ಹೀಗಾಗುತ್ತದೆ. ಅದರ ಕೆಳಗೆ ಒಂದು ಗೂಡ್ಸ್ ಗಾಡಿಯ ಸಾಲ ಇತ್ತು. ನಮಗೆ ಗೂಡ್ಸ್ ಗಾಡಿಯೇ ಇಲ್ಲ.

"ಇದು ಯಾರ ಗಾಡಿ ರೀ?"

ಸ್ವಲ್ಪ ಹೊತ್ತು ಮಾತಿಲ್ಲ. "ಚಿಕ್ಕಪ್ಪನ ಮಗಂದು. ಶ್ಯೂರಿಟಿ ಹಾಕಿದ್ದೆ."

"ಯಾವಾಗ?"

"ಎರಡು ವರ್ಷ ಆಯ್ತು. ಹೇಳಿದ್ರೆ ನೀನು ಬೇಡ ಅಂತಿದ್ದೆ."

ನಿಜ. ಅಂತಿದ್ದೆ.

ಜಾಮೀನು ಅಂದರೆ ಬರೀ ಸಹಿ ಅಂದುಕೊಳ್ಳುತ್ತೇವೆ. ಹತ್ತಿರದವರು ಕೇಳುತ್ತಾರೆ, ಟೀ ಕುಡಿಯುತ್ತಾ ಸಹಿ ಹಾಕುತ್ತೇವೆ, ಮರೆಯುತ್ತೇವೆ. ವರದಿ ಮರೆಯುವುದಿಲ್ಲ. ಸಾಲ ತೆಗೆದುಕೊಂಡವರು ಕಂತು ತಪ್ಪಿಸಿದರೆ ಜಾಮೀನು ಹಾಕಿದವರ ಹೆಸರಿಗೂ ಮಸಿ. ಆ ಗಾಡಿಯ ಎರಡು ಕಂತು ಬಾಕಿ ಇತ್ತು.

ಎರಡು ದಿನ ನಾನು ಮಾತಾಡಲಿಲ್ಲ. ದುಡ್ಡಿಗಿಂತ ಜಾಸ್ತಿ, ಮುಚ್ಚಿಟ್ಟದ್ದಕ್ಕೆ ಸಿಟ್ಟು. ಮೂರನೇ ದಿನ ರಾತ್ರಿ ಬಟ್ಟೆ ಮಡಿಸುತ್ತಾ ಕೂತಿದ್ದಾಗ ನನ್ನ ಸಿಟ್ಟು ನನಗೇ ತಮಾಷೆ ಅನಿಸತೊಡಗಿತು. ಯಾಕೆಂದರೆ ಅದರ ಹಿಂದಿನ ವರ್ಷದಿಂದ ನಾನು ಆಫೀಸಿನಲ್ಲಿ ಒಂದು ಚೀಟಿ ಹಾಕಿದ್ದೆ. ತಿಂಗಳಿಗೆ 8 ಸಾವಿರ, 25 ಜನ, 25 ತಿಂಗಳು. ನನ್ನ ಸಂಬಳ 34 ಸಾವಿರ. ಇವರಿಗೆ ಹೇಳಿದ್ದು 26. "ಪಿಎಫ್ ಜಾಸ್ತಿ ಕಟ್ ಆಗುತ್ತೆ" ಅಂದಿದ್ದೆ. ಆಟ ಶುರು ಮಾಡುವಾಗ 96 ಅಂತ ಲೆಕ್ಕ ಹಾಕಿದ್ದು ನಾನೊಬ್ಬಳೇ. ಇವರ ಲೆಕ್ಕದಲ್ಲಿ 88 ಇತ್ತು.

ನಮ್ಮಮ್ಮ ಹೇಳುತ್ತಿದ್ದಳು, ಹೆಂಗಸಿನ ಕೈಯಲ್ಲಿ ಯಾರಿಗೂ ಗೊತ್ತಿಲ್ಲದ ನಾಲ್ಕು ಕಾಸು ಇರಬೇಕು ಅಂತ. ಅವಳದು ಸಾಸಿವೆ ಡಬ್ಬಿಯಲ್ಲಿತ್ತು. ಎಷ್ಟೋ ಸಲ ಅಪ್ಪನ ತೋಟದ ಕೂಲಿಗೆ ಆದದ್ದು ಆ ಡಬ್ಬಿಯೇ. ನಾನು ಅದನ್ನೇ ಸ್ವಲ್ಪ ದೊಡ್ಡದಾಗಿ ಮಾಡಿದ್ದೆ. ಆದರೆ ಗಂಡನ ಶ್ಯೂರಿಟಿ ತಪ್ಪು, ನನ್ನ ಸಾಸಿವೆ ಡಬ್ಬಿ ಸರಿ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಿಬಿಟ್ಟೆ. ಇವರು ಮೊದಲು ನಂಬಲಿಲ್ಲ. ಆಮೇಲೆ ನಗಲು ಶುರು ಮಾಡಿದರು. "ಒಂದು ವರ್ಷದಿಂದ ನಿನ್ನ ಬಸ್ ಪಾಸಿಗೆ ನಾನು ದುಡ್ಡು ಕೊಡ್ತಿದ್ದೀನಲ್ಲೇ!"

ಆವತ್ತು ರಾತ್ರಿ ಎರಡು ಗಂಟೆವರೆಗೂ ಕೂತು ಎಲ್ಲ ಹೊರಗೆ ಹಾಕಿದೆವು. ಅವರು ತಮ್ಮ ಅಕ್ಕನಿಗೆ ಕೊಟ್ಟ ಕೈಗಡ, ನನ್ನ ಹಳೇ ಅಂಚೆ ಕಚೇರಿ ಆರ್‌ಡಿ, ಇಬ್ಬರೂ ಮರೆತಿದ್ದ ಒಂದು ಎಫ್‌ಡಿ. ಮದುವೆಯಾಗಿ ಹನ್ನೊಂದು ವರ್ಷ. ನಮ್ಮ ಹತ್ತಿರ ಒಟ್ಟು ಎಷ್ಟಿದೆ ಅಂತ ಇಬ್ಬರಿಗೂ ಒಟ್ಟಿಗೆ ಗೊತ್ತಾದದ್ದು ಅವತ್ತೇ. ಈಗ ಯಾರಾದರೂ ಮನೆ ಕೊಳ್ಳಲು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಬಡ್ಡಿ ದರದ ಮಾತೇ ಎತ್ತುವುದಿಲ್ಲ. ಮೊದಲು ಗಂಡ ಹೆಂಡತಿ ಒಬ್ಬರ ವರದಿ ಒಬ್ಬರು ಓದಿ ಅನ್ನುತ್ತೇನೆ. ಜಗಳ ಆಗುತ್ತದೆ. ಬ್ಯಾಂಕಿನ ಮೇಜಿನ ಮುಂದೆ ಆಗುವುದಕ್ಕಿಂತ ಮನೆಯಲ್ಲಿ ಆಗಲಿ.

ಕಾರ್ಡಿನವರು ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ ಅಂದರು. ಮೇಡಂ ಬೇಡವೇ ಬೇಡ ಅಂದರು. ವರದಿಯಲ್ಲಿ "ಸೆಟಲ್ಡ್" ಅಂತ ಬಿದ್ದರೆ ಪೂರ್ತಿ ಕಟ್ಟಲಿಲ್ಲ ಅಂತ ಅರ್ಥ, ಅದು ವರ್ಷಗಟ್ಟಲೆ ಕಾಡುತ್ತದೆ. ಹೊಟ್ಟೆ ಉರಿದುಕೊಂಡು ಪೂರ್ತಿ ಕಟ್ಟಿ "ಕ್ಲೋಸ್ಡ್" ಮಾಡಿಸಿ ಪತ್ರ ತೆಗೆದುಕೊಂಡೆವು. ಗಾಡಿಯ ವಿಷಯಕ್ಕೆ ಇವರ ಚಿಕ್ಕಪ್ಪನ ಮಗನನ್ನು ಮನೆಗೆ ಕರೆಸಿ, ಅತ್ತೆಯ ಎದುರಿಗೆ ಕೂರಿಸಿ ಮಾತಾಡಿದೆವು. ಪಾಪ, ಅವನಿಗೂ ಬಾಡಿಗೆ ಸಿಗುತ್ತಿರಲಿಲ್ಲ. ಬಾಕಿ ಕಟ್ಟಿದ. ಉಳಿದ ಕಂತುಗಳನ್ನು ತಪ್ಪದೆ ಕಟ್ಟಿ ಮುಂದಿನ ಜುಲೈಗೆ ಸಾಲ ಮುಗಿಸಿದ. ನಾವು ಬ್ಯಾಂಕಿಗೆ ಅರ್ಜಿ ಹಾಕುವ ಹೊತ್ತಿಗೆ ಇವರ ಅಂಕ 748 ಆಗಿತ್ತು. ಎರಡು ಅಂಕ ಕಡಿಮೆ ಅಂತ ಈಗಲೂ ರೇಗಿಸುತ್ತೇನೆ.

ನನ್ನ ಚೀಟಿ ಬಗ್ಗೆಯೂ ಹೇಳಿಬಿಡುತ್ತೇನೆ. ತಿಂಗಳು ತಿಂಗಳು ಕೂಗುತ್ತಾರೆ. ದುಡ್ಡು ಬೇಕಾದವರು ಇಷ್ಟು ಬಿಡುತ್ತೇನೆ ಅಂತ ಕೂಗಿ ಎತ್ತಿಕೊಳ್ಳುತ್ತಾರೆ. ಬಿಟ್ಟದ್ದು ಉಳಿದವರಿಗೆ ಹಂಚಿಕೆ ಆಗುತ್ತದೆ. ನಾನು ಕೊನೆಯವರೆಗೂ ಕೂಗಲಿಲ್ಲ. ಚೀಟಿ ನಡೆಸಿದವರ ಕಮಿಷನ್ ಹೋಗಿ 2 ಲಕ್ಷಕ್ಕೆ 1 ಲಕ್ಷ 90 ಸಾವಿರ ಕೈಗೆ ಬಂತು. ಆದರೆ ಅದು ನಂಬಿಕೆ ಮೇಲೆ ನಡೆದ ಆಫೀಸ್ ಚೀಟಿ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಿರಬೇಕು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಅಂಥ ಚೀಟಿ ನಡೆಸುತ್ತದೆ. ನನ್ನದು ಸರಿಯಾಗಿ ಮುಗಿದದ್ದು ನನ್ನ ಜಾಣತನ ಅಲ್ಲ. ಯಾರೂ ಓಡಿಹೋಗಲಿಲ್ಲ, ಅಷ್ಟೇ.

ಇನ್ನು ಅಪ್ಪನ ಕೊಬ್ಬರಿ.

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿ ಉಳಿತಾಯ ಅಂದರೆ ಅಟ್ಟ. ಬಲಿತ ಕಾಯಿ ಕೆಡವಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ತಿಂಗಳು ಅಲ್ಲೇ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಎತ್ತಿ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು ತೆಗೆದರೆ ಉಂಡೆ ಕೊಬ್ಬರಿ. ಮಧ್ಯದಲ್ಲಿ ಆತುರಪಟ್ಟು ಒಡೆದರೆ ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಚಿಕ್ಕಂದಿನಲ್ಲಿ ನಾನು ಏಣಿ ಹತ್ತಿ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಅಪ್ಪ ಕೆಳಗಿಂದ "ಅದು ನಿನ್ ಮಾತು ಕೇಳಿ ಒಣಗಲ್ಲ, ಇಳಿ" ಅನ್ನುತ್ತಿದ್ದರು.

ಮನೆ ಕೊಳ್ಳುವ ವಿಷಯ ನಾನು ಅಪ್ಪನಿಗೆ ಹೇಳಿರಲಿಲ್ಲ. ತಂಗಿ ಹೇಳಿದಳು. ಆಗ ಕೊಬ್ಬರಿ ಬೆಲೆ ಬಿದ್ದುಹೋಗಿತ್ತು. 2023ರಿಂದಲೂ ತಿಪಟೂರು ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಗಿಂತ ಕಡಿಮೆಗೆ ಹೋಗುತ್ತಿತ್ತು. ಅಪ್ಪ ಮಾರದೆ ಅಟ್ಟದಲ್ಲೇ ಇಟ್ಟುಕೊಂಡಿದ್ದರು. 2024ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12 ಸಾವಿರ ಬೆಂಬಲ ಬೆಲೆ ಕೊಟ್ಟಿತು. ಅಪ್ಪ ಹೆಸರು ನೋಂದಾಯಿಸಿ, ಕ್ಯೂ ನಿಂತು, ಖರೀದಿ ಕೇಂದ್ರಕ್ಕೆ ಹಾಕಿದರು. ಶ್ರಾವಣದಲ್ಲಿ ನಾನು ಊರಿಗೆ ಹೋದಾಗ 2 ಲಕ್ಷದ ಚೆಕ್ಕು ಕೊಟ್ಟರು. "ಸಾಲ ಅಂತ ತಗೋಬೇಡ. ವಾಪಸ್ ಕೊಡ್ತೀನಿ ಅಂತಾನೂ ಅನ್ಬೇಡ. ನಿನ್ ಮದುವೇಲಿ ಓಲೆ ಸರಿಯಾಗಿ ಮಾಡಿಸ್ಲಿಲ್ಲ, ಅದು ಅಂದ್ಕೋ."

ಮರುವರ್ಷ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿತು. ಅಪ್ಪ ಫೋನ್ ಮಾಡಿದರು. "ನಿನ್ ಮನೆ ನಂಗೆ ದುಬಾರಿ ಬಿತ್ತು ಕಣಮ್ಮ." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಬೆಲೆ ಇಳಿಯುತ್ತದಾ, ಏರುತ್ತದಾ, ಇನ್ನೊಂದು ವರ್ಷ ಕಾಯೋಣವಾ ಅಂತ ಫ್ಲ್ಯಾಟಿನ ಬಗ್ಗೆ ನಾವಿಬ್ಬರೂ ಎಷ್ಟು ತಲೆ ಕೆಡಿಸಿಕೊಂಡಿದ್ದೆವು. ಐವತ್ತು ವರ್ಷ ಕೊಬ್ಬರಿ ನೋಡಿದ ಅಪ್ಪನಿಗೇ ಒಂದು ವರ್ಷ ಮುಂದಿನದು ಕಾಣಲಿಲ್ಲ.

ಬೆಲೆಯ ವಿಷಯ ಬಂತಲ್ಲ, ಮೊದಲು ನೋಡಿದ ಫ್ಲ್ಯಾಟಿನ ಕಥೆ ಹೇಳಬೇಕು. ಬೆಲೆ 60 ಲಕ್ಷ. ಚೆನ್ನಾಗಿತ್ತು, ಪೂರ್ವಕ್ಕೆ ಬಾಗಿಲು, ಅತ್ತೆ ಒಪ್ಪಿಬಿಟ್ಟಿದ್ದರು. ಮಾತು ಮುಗಿಯುವ ಹೊತ್ತಿಗೆ ಮಾರುವವರು ಮೆಲ್ಲಗೆ, "15 ಲಕ್ಷ ಕ್ಯಾಶ್ ಕೊಡಿ, 45ಕ್ಕೆ ರಿಜಿಸ್ಟರ್ ಮಾಡೋಣ, ನಿಮಗೂ ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತೆ" ಅಂದರು. ಕೇಳಲು ನಮ್ಮ ಉಪಕಾರಕ್ಕೇ ಹೇಳಿದ ಹಾಗಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. 30ರಿಂದ 75 ಲಕ್ಷದ ನಡುವಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಬೆಲೆಯ ಶೇ. 80ರಷ್ಟೇ ಸಾಲ. ಬ್ಯಾಂಕು ಬೆಲೆ ಅನ್ನುವುದು ಕಾಗದದ ಮೇಲಿನ ಬೆಲೆಗೆ. 60ಕ್ಕೆ 48 ಸಿಗುತ್ತಿತ್ತು, ಕೈಯಿಂದ 12 ಸಾಕು. 45ಕ್ಕೆ ಸಿಗುವುದು 36. ಕೈಯಿಂದ 9, ಮೇಲೆ ಕ್ಯಾಶ್ 15, ಒಟ್ಟು 24 ಲಕ್ಷ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರಿ ಉಳಿಯುವುದು ಸುಮಾರು ಒಂದು ಲಕ್ಷ. ಒಂದು ಲಕ್ಷ ಉಳಿಸಲು ಹನ್ನೆರಡು ಲಕ್ಷ ಜಾಸ್ತಿ ಹುಡುಕಬೇಕು! ಮುಂದೆ ನಾವು ಮಾರುವಾಗ ಆ 15 ಲಕ್ಷ ನಮ್ಮ ಲಾಭದ ಲೆಕ್ಕಕ್ಕೆ ಸೇರಿ ತೆರಿಗೆ ಬೀಳುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದು ಕಾನೂನಿಗೆ ವಿರುದ್ಧ ಬೇರೆ. ಬಿಟ್ಟೆವು. ಅತ್ತೆ ಒಂದು ವಾರ ಪೂರ್ವದ ಬಾಗಿಲಿನ ಮಾತಾಡಿದರು.

ಇನ್ನೊಂದು 48 ಲಕ್ಷಕ್ಕೇ ಸಿಗುತ್ತಿತ್ತು. ಬಿ ಖಾತಾ, ಅಂದರೆ ನಿಯಮ ಮೀರಿದ ಆಸ್ತಿಗಳ ಪಟ್ಟಿಯಲ್ಲಿದ್ದದ್ದು. ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ, ಓಸಿಯೂ ಇಲ್ಲ. ನಾವು ಕೇಳಿದ ಎರಡು ಬ್ಯಾಂಕುಗಳೂ ಆಗಲ್ಲ ಅಂದವು. ಅಗ್ಗ ಯಾಕೆ ಅಂತ ಅಲ್ಲೇ ಗೊತ್ತಾಯಿತು.

ಕೊನೆಗೆ ಒಪ್ಪಿದ್ದು 62 ಲಕ್ಷದ್ದು. ಏಳು ವರ್ಷ ಹಳೇ ಕಟ್ಟಡ, ಲಿಫ್ಟ್ ಇದೆ, ಓಸಿ ಇದೆ, ಬಾಗಿಲು ಉತ್ತರಕ್ಕೆ. ವಕೀಲರು ಮೂಲ ಪತ್ರದಿಂದ ಹಿಡಿದು 30 ವರ್ಷದ ಇಸಿ (ಋಣಭಾರ ಪತ್ರ) ವರೆಗೆ ನೋಡಿ ಹೂಂ ಅಂದ ಮೇಲೆಯೇ ಟೋಕನ್ ಕೊಟ್ಟೆವು. ಸಾಲ 45 ಲಕ್ಷ. ಕೈಯಿಂದ 17: ಎಫ್‌ಡಿ, ಆರ್‌ಡಿ ಎಲ್ಲ ಮುರಿದು 9 ಲಕ್ಷ 60 ಸಾವಿರ, ಇವರ ಪಿಎಫ್‌ನಿಂದ ಮೂರೂವರೆ ಲಕ್ಷ, ನನ್ನ ಚೀಟಿ, ಅಪ್ಪನ ಕೊಬ್ಬರಿ. ಪಿಎಫ್ ತೆಗೆಯುವಾಗ ಇವರ ಮುಖ ಸಪ್ಪೆಯಾಗಿತ್ತು. ಅದು ಮುಪ್ಪಿನ ದುಡ್ಡು ಅಂದರು. ನಾನೇನೂ ಸಮಾಧಾನ ಹೇಳಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿ ಇತ್ತು. ಅತ್ತೆ ತಮ್ಮ ಬಳೆ ಬಿಚ್ಚಿಕೊಡಲು ಬಂದರು. ಅದನ್ನು ಮಾತ್ರ ಬೇಡ ಅಂದೆವು. ಬಳೆ ಮನೆಯಲ್ಲಿದ್ದರೆ ಕಷ್ಟಕ್ಕೆ ಅಡ ಇಡಬಹುದು. ಮಾರಿಬಿಟ್ಟರೆ ಅದೂ ಇಲ್ಲ. ಅದರ ಜೊತೆಗೆ ಎರಡು ಲಕ್ಷ ಯಾವ ಕಾರಣಕ್ಕೂ ಮುಟ್ಟುವುದಿಲ್ಲ ಅಂತ ಬೇರೆ ಇಟ್ಟೆವು. ಆರು ತಿಂಗಳ ಖರ್ಚಿನಷ್ಟು ಇರಬೇಕು ಅನ್ನುತ್ತಾರೆ. ನಮ್ಮ ಕೈಲಿ ಆದದ್ದು ಎರಡು ತಿಂಗಳದ್ದು.

2024ರ ನವೆಂಬರಿನಲ್ಲಿ ರಿಜಿಸ್ಟ್ರೇಷನ್. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಮತ್ತೆ ನೋಂದಣಿ ಶುಲ್ಕ ಶೇ. 1. ಎಲ್ಲ ಸೇರಿ ಶೇ. 6.6. ನಮ್ಮ ಮನೆಗೆ 4,09,200 ರೂಪಾಯಿ. ಇದಕ್ಕೆ ಬ್ಯಾಂಕು ಒಂದು ಪೈಸೆ ಕೊಡುವುದಿಲ್ಲ. (2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಈಗಾಗಿದ್ದರೆ ಇನ್ನೂ 62 ಸಾವಿರ ಬೇಕಿತ್ತು.) ನಮ್ಮ ಆಟದ ಖಾತೆಯಲ್ಲಿ ಹದಿನಾಲ್ಕು ಕಂತು, ಮೂರೂವರೆ ಲಕ್ಷ ಇತ್ತು. 59 ಸಾವಿರದ 200 ಕಡಿಮೆ ಬಿತ್ತು. ತಪ್ಪಿದ ನಾಲ್ಕು ಕಂತು ಅಲ್ಲಿದ್ದಿದ್ದರೆ ತುಂಬಿ ಮಿಗುತ್ತಿತ್ತು. ಇವರು ಕ್ಯಾಲ್ಕುಲೇಟರ್ ನೋಡಿ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಯ್ಯಿ ಪುಸ್ತಕ ನೆನಪಿಸಿಕೊಂಡೆ. ಇಬ್ಬರೂ ಏನೂ ಮಾತಾಡಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ, ಹೆಬ್ಬೆಟ್ಟು, ಸಹಿ. ದುಡ್ಡು ಮೊದಲೇ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕಟ್ಟಿದ್ದೆವು. 50 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಕೊಳ್ಳುವವರೇ ಶೇ. 1 ಟಿಡಿಎಸ್ (ಮಾರುವವರ ತೆರಿಗೆಯ ಲೆಕ್ಕಕ್ಕೆ ಮೊದಲೇ ಹಿಡಿಯುವ ದುಡ್ಡು) ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಅನ್ನುವುದು ಮೇಡಂ ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಮಾರಿದ ಹಿರಿಯರಿಗೂ ಗೊತ್ತಿರಲಿಲ್ಲ. 62 ಸಾವಿರ ಯಾಕೆ ಹಿಡಿದಿರಿ ಅಂತ ಮೊದಲು ಬೇಜಾರು ಮಾಡಿಕೊಂಡರು. ನಿಮ್ಮ ಪ್ಯಾನ್ ಲೆಕ್ಕಕ್ಕೇ ಹೋಗುತ್ತದೆ ಅಂತ ರಸೀದಿ ತೋರಿಸಿದ ಮೇಲೆ ಸಮಾಧಾನವಾಯಿತು.

ಬ್ರೋಕರ್‌ಗೆ, ಬ್ಯಾಂಕಿನ ಪ್ರೋಸೆಸಿಂಗ್‌ಗೆ, ಅಡಮಾನದ ಕಾಗದಕ್ಕೆ, ಅಸೋಸಿಯೇಷನ್ನಿಗೆ, ಸುಣ್ಣ ಬಣ್ಣಕ್ಕೆ, ಅಡುಗೆಮನೆಯ ಕಪಾಟಿಗೆ ಅಂತ ಇನ್ನೊಂದು ಎರಡೂವರೆ ಲಕ್ಷ ಹೋಯಿತು. ಇವರ ಬೋನಸ್ ಪೂರ್ತಿ ಅಲ್ಲೇ ಕರಗಿತು. ಒಂದು ತಿಂಗಳು ಬಾಡಿಗೆಯೂ ಕಟ್ಟಿ, ಕಂತೂ ಕಟ್ಟಿದೆವು. ಆ ತಿಂಗಳು ನಮ್ಮ ಆಟದಲ್ಲಿ ಇರಲಿಲ್ಲ. ಹಳೇ ಮನೆಯ ಅಡ್ವಾನ್ಸ್ ಬರುವುದು ಖಾಲಿ ಮಾಡಿದ ಮೇಲಷ್ಟೇ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದು 1 ಲಕ್ಷ 33 ಸಾವಿರ ಬಂತು.

ಮನೆಸಾಲ ಇದ್ದರೆ ತೆರಿಗೆ ಉಳಿಯುತ್ತದೆ ಅಂತ ಎಲ್ಲರೂ ಹೇಳಿದ್ದರು. ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ, ನಾವೇ ವಾಸ ಇರುವ ಮನೆಗೆ, ಹಳೇ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇಲ್ಲ. ನಾವಿಬ್ಬರೂ ಹೊಸದರಲ್ಲಿದ್ದೇವೆ. ತೆರಿಗೆ ಉಳಿಸಲು ಮನೆ ಕೊಳ್ಳುತ್ತೇನೆ ಅನ್ನುವವರು ಒಮ್ಮೆ ಇದನ್ನು ನೋಡಿಕೊಳ್ಳಿ.

ಬಡ್ಡಿ ದರದ ಭಯ ನನಗೆ ಮೊದಲಿಂದ ಇತ್ತು. ನಮ್ಮ ಆಫೀಸಿನ ಒಬ್ಬರು 2021ರಲ್ಲಿ ಶೇ. 6.75ಕ್ಕೆ 40 ಲಕ್ಷ ತೆಗೆದಿದ್ದರು. ಕಂತು 30,415. ಆಗ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ. 4. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ಅದು 6.5 ಆಯಿತು. ಅವರ ಬಡ್ಡಿ 9.25ಕ್ಕೆ ಹೋಯಿತು. ಉಳಿದ 38 ಲಕ್ಷಕ್ಕೆ ತಿಂಗಳ ಬಡ್ಡಿಯೇ 29 ಸಾವಿರ ದಾಟಿತು. ಎರಡು ವರ್ಷ ಕಟ್ಟಿದ ಮೇಲೆ ಅಸಲಿಗೆ ಹೋಗುತ್ತಿದ್ದದ್ದು ತಿಂಗಳಿಗೆ ಸಾವಿರದ ಚಿಲ್ಲರೆ! ಕಂತು ಏರಿಸಲೇಬೇಕಾಯಿತು. ನಮ್ಮ ಅದೃಷ್ಟಕ್ಕೆ ನಮಗೆ ಇದು ತಿರುಗುಮುರುಗಾಯಿತು. 2025ರಲ್ಲಿ ರೆಪೋ 6.5ರಿಂದ 5.25ಕ್ಕೆ ಇಳಿಯಿತು. ಬ್ಯಾಂಕಿನವರು ಕಂತು ಕಡಿಮೆ ಮಾಡಲಾ ಅಂದರು. ಬೇಡ, ಇಷ್ಟೇ ಇರಲಿ ಅಂದೆವು. ಅವಧಿ ಸುಮಾರು ಮೂರು ವರ್ಷ ಕಡಿಮೆಯಾಗಿದೆ. ಮತ್ತೆ ಏರಿದರೆ ಮತ್ತೆ ಬೆಳೆಯುತ್ತದೆ, ಗೊತ್ತು.

ಗೃಹಪ್ರವೇಶಕ್ಕೆ ಅತ್ತೆ ಇನ್ನೂರು ಜನರ ಪಟ್ಟಿ ಮಾಡಿದ್ದರು. ನಲವತ್ತಕ್ಕೆ ಇಳಿಸಲು ಪಟ್ಟ ಪಾಡು ಬ್ಯಾಂಕಿನಲ್ಲೂ ಪಟ್ಟಿರಲಿಲ್ಲ. ಚಿಕ್ಕಪ್ಪನ ಮಗನೇ ಅವನ ಗಾಡಿಯಲ್ಲಿ ನಮ್ಮ ಸಾಮಾನು ಸಾಗಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ. ವರದಿಯಲ್ಲಿ ಮಾತ್ರ ನೋಡಿದ್ದ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಹಿಂದೆ "ತಾಯಿಯ ಆಶೀರ್ವಾದ" ಅಂತ ಬರೆಸಿದ್ದಾನೆ. ಜೊತೆಗೆ ನನ್ನ ಗಂಡನ ಸಹಿಯೂ ಇದೆ ಅಂತ ಬರೆಸು ಅಂದೆ.

ಅಪ್ಪ ಬಂದದ್ದು ಒಂದು ವಾರದ ಮೇಲೆ. ಒಂದು ಚೀಲ ಕಾಯಿ ಹೊತ್ತು ಮೆಟ್ರೋದಲ್ಲೇ ಬಂದಿದ್ದರು. ನೀರು ಕುಡಿದು, ಬಾಲ್ಕನಿ ನೋಡಿ, ಬಚ್ಚಲು ನೋಡಿ, ಕೊನೆಗೆ "ಅಟ್ಟ ಎಲ್ಲಿ?" ಅಂದರು. ಬಚ್ಚಲ ಮೇಲಿನ ಲಾಫ್ಟ್ ತೋರಿಸಿದೆ. ಸ್ಟೂಲ್ ಹತ್ತಿ ತಲೆ ಹಾಕಿ ನೋಡಿದರು. ಸೂಟ್‌ಕೇಸು, ಹಳೇ ಕುಕ್ಕರು, ಮಗಳ ಮುರಿದ ಸೈಕಲ್ಲು.

"ಇಲ್ಲಿ ಗಾಳಿ ಆಡಲ್ಲ ಕಣಮ್ಮ. ಕಾಯಿ ಇಟ್ರೆ ಕೊಳೆತು ಹೋಗ್ತವೆ. ಈಗ್ಲೇ ಒಡಿ."

ಅವತ್ತು ರಾತ್ರಿ ಹತ್ತೂವರೆಗೆ ಮಿಕ್ಸಿ ಹಾಕಿದೆ. ಮಾರನೇ ದಿನ ಲಿಫ್ಟಿನಲ್ಲಿ ಕೆಳಗಿನ ಫ್ಲ್ಯಾಟಿನವರು ಸಿಕ್ಕರು. "ನಿನ್ನೆ ಏನು ವಿಶೇಷ?" ಅಂದರು.